ಗೊಂಬೆಗೆ ಮಾವ ಕೊಟ್ಟ ಉತ್ತರ

ನನ್ನ ಫೋನಿನಲ್ಲಿ ಐವತ್ತೆರಡು ಸೆಕೆಂಡಿನ ಒಂದು ವಿಡಿಯೊ ಇದೆ. ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯ ಬಾಗಿಲ ಒಳಗೆ ನನ್ನ ಸೋದರಮಾವ ಒಂದು ರೋಬೋಟಿನ ಮುಂದೆ ನಿಂತು ಮಾತಾಡುತ್ತಿದ್ದಾರೆ. ತೆಗೆದವಳು ನಾನು. ಅದರಲ್ಲಿ ಕೇಳುವ ನಗು ನನ್ನದು. ಮಾವ ಅಳುಕಿ ನಿಂತಾಗ “ಮಾತಾಡ್ರಿ ಮಾಮಾ, ಅದು ಕೇಳ್ತೈತಿ” ಎಂದು ಹುರಿದುಂಬಿಸುವ ದನಿಯೂ ನನ್ನದೇ. ಆ ಹೊತ್ತಿಗೆ ಅವರ ಮೈಯೊಳಗೆ ವಿಷ ಏರುತ್ತಿತ್ತು.

ದಿನಕ್ಕೆ ಒಂದು ಸಲವಾದರೂ ಅದನ್ನು ನೋಡುತ್ತೇನೆ. ಮಾವ ಬದುಕಿದ್ದಾರೆ, ಉಣ್ಣುತ್ತಾರೆ, ಗದ್ದೆಯ ಬದುವಿನವರೆಗೆ ನಡೆದು ಬರುತ್ತಾರೆ. ಆದರೂ ನೋಡುತ್ತೇನೆ. ಒಂದೊಂದು ಸಲ ಒಂದೊಂದು ಕಾಣುತ್ತದೆ. ಪ್ರತಿ ಸಲವೂ ಸಿಟ್ಟು ಹೊಸದಾಗಿ ಬರುತ್ತದೆ.

ಆ ಯಂತ್ರ ಆಸ್ಪತ್ರೆಗೆ ಬಂದು ವರ್ಷವಾಗುತ್ತ ಬಂತು. ನಾಲ್ಕಡಿ ಎತ್ತರ, ಬಿಳಿ ಮೈ, ಕಾಲಿನ ಜಾಗದಲ್ಲಿ ಗಾಲಿ, ಎದೆಯ ಮೇಲೆ ಪರದೆ, ಮುಖದಲ್ಲಿ ಎರಡು ದುಂಡನೆಯ ನೀಲಿ ಕಣ್ಣು. ಯಾರಾದರೂ ಹತ್ತಿರ ಬಂದರೆ ಅವರ ಕಡೆ ಕತ್ತು ತಿರುಗಿಸುತ್ತದೆ. ರೆಪ್ಪೆ ಬಡಿಯುತ್ತದೆ. ಅವರು ಮಾತಾಡುತ್ತಿದ್ದರೆ ಹೂಂ ಅನ್ನುವ ಹಾಗೆ ತಲೆಯಾಡಿಸುತ್ತದೆ. ಹೆಸರು, ಊರು, ತೊಂದರೆ ಕೇಳಿಕೊಂಡು ಹೊಟ್ಟೆಯ ಸೀಳಿನಿಂದ ಒಂದು ಚೀಟಿ ಕೊಡುತ್ತದೆ. ಹಸಿರು ಗೆರೆಯ ಚೀಟಿ ಬಂದವರು ಬೆಂಚಿನ ಮೇಲೆ ಪಾಳಿ ಕಾಯಬೇಕು, ಕೆಂಪು ಗೆರೆ ಬಂದವರು ನೇರ ಒಳಗೆ. ಜನ ಅದಕ್ಕೆ ಗೊಂಬಿ ಎಂದು ಹೆಸರಿಟ್ಟರು. ಬಂದ ವಾರವೇ ಯಾರೋ ಹೆಣ್ಣುಮಗಳು ಅದರ ಹಣೆಗೆ ಕುಂಕುಮ ಹಚ್ಚಿ ಹೋಗಿದ್ದಳು. ಮ್ಯಾನೇಜರು ಅದನ್ನು ಒರೆಸಿಸಿ ‘ಮುಟ್ಟಬೇಡಿ’ ಎಂಬ ಬೋರ್ಡು ಹಾಕಿಸಿದರು.

ಅದರ ಬಾಯಿಗೆ ಮಾತು ಕೊಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ನನ್ನ ಸಿಟ್ಟಿಗೆ ಅರ್ಥವಿಲ್ಲ.

ನಾನು ಯಲಬುರ್ಗಾ ಕಡೆಯ ಮಂಗಳೂರಿನವಳು. ಗಂಗಾವತಿಯ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಆಸ್ಪತ್ರೆಯ ಮ್ಯಾನೇಜರು ಒಂದು ದಿನ ಕಾಲೇಜಿಗೆ ಬಂದರು. ಅವರು ಈ ಕಡೆಯವರಲ್ಲ. ರೋಬೋಟಿನ ಜೊತೆ ಬಂದ ಕನ್ನಡ ಯಾರಿಗೂ ಹಿಡಿಸುತ್ತಿಲ್ಲ, ಉದ್ಘಾಟನೆಗೆ ಮೊದಲು ನಿಮ್ಮ ಕಡೆಯ ಮಾತಿನಲ್ಲಿ ಬರೆದುಕೊಡಿ ಎಂದು ಕೇಳಿದರು. ಆ ಹಾಳೆ ನೋಡಿ ನಾನು ನಕ್ಕಿದ್ದೆ. ‘ತಮ್ಮ ಅನಾರೋಗ್ಯದ ಲಕ್ಷಣಗಳನ್ನು ದಯವಿಟ್ಟು ತಿಳಿಸಿ’ ಎಂದಿತ್ತು. ನಮ್ಮ ಜನ ಹೆದರಿ ಓಡಿಹೋಗ್ತಾರೆ ಸರ್ ಎಂದೆ. ಎರಡು ಸಂಜೆ ಕೂತು ಎಲ್ಲವನ್ನೂ ಹೊಸದಾಗಿ ಬರೆದೆ. ಮೊದಲ ಸಾಲೇ ಬದಲಾಯಿತು: “ನಮಸ್ಕಾರ್ರಿ, ಬರ್ರಿ ಬರ್ರಿ. ಆರಾಮ ಅದೀರಿ?” ಯಾರಾದರೂ ತಿರುಗಿ ಕೇಳಿದರೆ ಹೇಳಲಿ ಎಂದು “ನಾನೂ ಆರಾಮ ಅದೀನ್ರಿ” ಎಂಬ ಸಾಲೂ ಸೇರಿಸಿದೆ. ಮನೆಗೆ ಬಂದವರನ್ನು ಮಾತಾಡಿಸಿದ ಹಾಗೆ ಇರಬೇಕು ಎಂಬುದು ನನ್ನ ಹೆಮ್ಮೆ. ಉದ್ಘಾಟನೆಯ ದಿನ ಅದು ಆ ಮಾತು ಆಡಿದಾಗ ಜನ ಚಪ್ಪಾಳೆ ತಟ್ಟಿದರು. ನನಗೂ ಒಂದು ಹೂಗುಚ್ಛ ಕೊಟ್ಟರು. ಮನೆಯವರಿಗೆಲ್ಲ ಫೋನು ಮಾಡಿ ಹೇಳಿಕೊಂಡೆ. ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಸಿದ್ದಾಪುರದ ಹತ್ತಿರದ ಈ ಸೋದರಮಾವ.

ಗೊಂಬೆ ನಿಂತಿರುವ ಜಾಗದಲ್ಲಿ ಮೊದಲು ಒಂದು ಮೇಜು, ಒಂದು ಕುರ್ಚಿ ಇದ್ದವು. ಅಲ್ಲಿ ಅರವತ್ತು ದಾಟಿದ ಒಬ್ಬ ಕಂಪೌಂಡರ್ ಕೂರುತ್ತಿದ್ದರು. ಎಲ್ಲರಿಗೂ ಅವರು ಕಾಕಾ. ಕಾಕಾ ಕೆಲಸ ಮಾಡುವ ರೀತಿಯನ್ನು ನಾನು ಎಷ್ಟೋ ಸಲ ನೋಡಿದ್ದೆ, ಆದರೆ ಗಮನಿಸಿರಲಿಲ್ಲ. ಅವರು ಮೂರು ಸಲ ಕೇಳುತ್ತಿದ್ದರು. ಆರಾಮ ಏನ್ರಿ ಎನ್ನುತ್ತ ಕೈ ಹಿಡಿಯುವರು. ಬಂದವರು ಆರಾಮ ಎನ್ನುವರು. ಹಿಡಿದ ಕೈಯನ್ನು ಬಿಡದೆ ಮತ್ತೇನು ಸಮಾಚಾರ ಎನ್ನುವರು. ಏನಿಲ್ಲ ಎಂಬ ಉತ್ತರ ಬರುವುದು. ಅಷ್ಟರಲ್ಲಿ ನಾಡಿ ನೋಡಿ ಆಗಿರುತ್ತಿತ್ತು, ಉಗುರು ನೋಡಿ ಆಗಿರುತ್ತಿತ್ತು. ಆಮೇಲೆ ಸ್ಟೂಲು ಎಳೆದು, ಹೂಂ, ಈಗ ಹೇಳ್ರಿ ಎನ್ನುವರು. ಮೂರನೆಯ ಸಲಕ್ಕೆ ನಿಜ ಹೊರಗೆ ಬರುತ್ತಿತ್ತು.

ನಮ್ಮ ಕಡೆ ಮಾತು ಹೀಗೇ ನಡೆಯುತ್ತದೆ. ಆರಾಮ ಎಂದು ಕೇಳಿದವರಿಗೆ ಆರಾಮ ಇಲ್ಲ ಎನ್ನುವುದು ನಮಗೆ ಬರುವುದಿಲ್ಲ. ಮೂರು ದಿನದಿಂದ ಜ್ವರದಲ್ಲಿ ಮಲಗಿದವರೂ ನೋಡಲು ಬಂದವರಿಗೆ ಎದ್ದು ಕೂತು ಆರಾಮ ಎನ್ನುತ್ತಾರೆ. ಕೇಳಿದವರ ಮುಖಕ್ಕೆ ನಮ್ಮ ಸಂಕಟ ಎಸೆಯಬಾರದು ಎಂಬ ಮರ್ಯಾದೆ ಅದು. ಕೂತು, ನೀರು ಕುಡಿದು, ಅವರೂ ನಾವೂ ಒಂದಿಷ್ಟು ಸುಮ್ಮನಿದ್ದು, ಆಮೇಲೆ ವಿಷಯ. ಆ ಸುಮ್ಮನಿರುವ ಹೊತ್ತೇ ಮುಖ್ಯ. ಗೊಂಬೆಗೆ ಆ ಹೊತ್ತು ಇರಲಿಲ್ಲ. ಮಾತು ನಿಂತ ಮೂರು ಸೆಕೆಂಡಿಗೆ ಅದು ಉತ್ತರ ಮುಗಿಯಿತು ಎಂದು ತಿಳಿಯುತ್ತದೆ. ಇದು ನನಗೆ ಆಮೇಲೆ ಗೊತ್ತಾಯಿತು. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗೊಂಬೆ ಬಂದ ಮೇಲೆ ಕಾಕಾನ ಮೇಜು, ಕುರ್ಚಿ, ಸ್ಟೂಲು ಎಲ್ಲ ಹೋದವು. ಅವರನ್ನು ಮನೆಗೆ ಕಳಿಸಲಿಲ್ಲ. ಅದರ ಮುಖ ಒರೆಸುವುದು, ಸಂಜೆ ಚಾರ್ಜಿಗೆ ಹಚ್ಚುವುದು, ಮೇಲಿನ ಮಹಡಿಗೆ ರಿಪೋರ್ಟು ಒಯ್ಯುವುದು ಅವರ ಕೆಲಸವಾಯಿತು. ಅದು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಎರಡು ದನಿ ಬಂದರೆ ಅದಕ್ಕೆ ಗೊಂದಲವಾಗುತ್ತದೆ ಎಂದು ಅವರಿಗೆ ತಾಕೀತಾಗಿತ್ತು.

ಆ ದಿನ ಹನ್ನೆರಡಕ್ಕೆ ನನ್ನ ಕ್ಲಾಸು ಮುಗಿಯಿತು. ಅತ್ತೆಯ ಫೋನು ಬಂತು. ಮಾವನಿಗೆ ಸ್ವಲ್ಪ ತಲೆ ಸುತ್ತಿದ ಹಾಗೆ ಆಗಿದೆ, ದವಾಖಾನೆಗೆ ಬರುತ್ತಿದ್ದೇವೆ, ನೀನೂ ಬಾ ಎಂದರು. ಬೇರೇನೂ ಹೇಳಲಿಲ್ಲ. ಮುಂಜಾನೆ ಮಾವ ಭತ್ತಕ್ಕೆ ಎಣ್ಣೆ ಹೊಡೆದಿದ್ದರು. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಎನ್ನುವುದು. ಅದನ್ನು ಅತ್ತೆ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ. ಕಾಲುವೆ ಬಯಲಿನಲ್ಲಿ ಎಣ್ಣೆ ಹೊಡೆಯುವುದು ಸ್ನಾನ ಮಾಡಿದಷ್ಟೇ ದಿನನಿತ್ಯದ ಸಂಗತಿ. ಸ್ನಾನ ಮಾಡಿದ್ದನ್ನು ಯಾರು ಹೇಳುತ್ತಾರೆ?

ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರು ಟಂಟಂ ಆಟೋದಿಂದ ಇಳಿಯುತ್ತಿದ್ದರು. ಮಾವ ನನ್ನನ್ನು ಕಂಡು ನಕ್ಕರು. ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಬಿಸಿಲು ಎಂದುಕೊಂಡೆ. ನೇರ ಡಾಕ್ಟರ ಹತ್ತಿರ ಹೋಗೋಣ ಎನ್ನಬೇಕಾದವಳು ನಾನು, “ಮಾಮಾ, ನಮ್ಮ ಗೊಂಬಿ ನೋಡ್ರಿ” ಎಂದು ಅವರ ಮೊಣಕೈ ಹಿಡಿದು ಅದರ ಮುಂದೆ ನಿಲ್ಲಿಸಿದೆ. ಫೋನು ಎತ್ತಿದೆ.

ವಿಡಿಯೊ ಇಲ್ಲಿಂದ ಶುರುವಾಗುತ್ತದೆ. ಗೊಂಬೆ ಕತ್ತು ತಿರುಗಿಸುತ್ತದೆ. ಮಾವ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿಯುತ್ತಾರೆ. ದೊಡ್ಡವರ ಮುಂದೆ ಹಾಗೆ ಹಿಡಿಯುತ್ತಾರೆ. ಗೊಂಬೆಯ ಮುಂದೆ ಹಿಡಿದದ್ದು ನನ್ನ ಸಲುವಾಗಿ. ಅದರ ಮಾತು ತನ್ನ ಅಕ್ಕನ ಮಗಳು ಬರೆದದ್ದು ಎಂಬುದಕ್ಕೆ.

“ನಮಸ್ಕಾರ್ರಿ, ಬರ್ರಿ ಬರ್ರಿ. ಆರಾಮ ಅದೀರಿ?”

“ಆರಾಮ ಅದೀನಿ ಯವ್ವಾ. ನೀ ಆರಾಮ?”

“ನಾನೂ ಆರಾಮ ಅದೀನ್ರಿ.” ಗೊಂಬೆ ಹೆಸರು, ಊರು ಕೇಳಿ ಬರೆದುಕೊಳ್ಳುತ್ತದೆ. “ಏನಾಗೇತಿ ಹೇಳ್ರಿ.”

ಇಲ್ಲಿ ಅವರು ನನ್ನ ಕಡೆ ನೋಡಿ ನಗುತ್ತಾರೆ. ನಾನು ಮಾತಾಡ್ರಿ ಎನ್ನುತ್ತೇನೆ. ಅವರು ಟವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ. ಬಾಯಿಯಿಂದ ಜೊಲ್ಲು ಬರುತ್ತಿತ್ತು. ಅದನ್ನು ನಾನು ಎರಡನೆಯ ದಿನ ನೋಡಿದೆ. ಟವೆಲ್ಲು ಹಿಡಿದ ಕೈ ಸಣ್ಣಗೆ ಅದುರುತ್ತಿತ್ತು. ಅದನ್ನು ನಾಲ್ಕನೆಯ ದಿನ.

“ಏನಿಲ್ಲವಾ. ಹಂಗ ಒಂದೀಟು ತೋರಿಸ್ಕೊಂಡು ಹೋಗೂಣಂತ ಬಂದೆ.”

ಗೊಂಬೆ ತಲೆಯಾಡಿಸುತ್ತದೆ. ಮಾವ ಉಗುಳು ನುಂಗುತ್ತಾರೆ, ಸುಮ್ಮನಿರುತ್ತಾರೆ. ನಲವತ್ತನಾಲ್ಕನೆಯ ಸೆಕೆಂಡಿಗೆ ಮತ್ತೆ ಬಾಯಿ ತೆರೆಯುತ್ತಾರೆ. “ಮುಂಜಾನಿ ಗದ್ದಿಗೆ...” ಎನ್ನುತ್ತಾರೆ. ಇದು ನನಗೆ ಕೇಳಿಸಿದ್ದು ವಾರದ ಮೇಲೆ, ಫೋನನ್ನು ಕಿವಿಗೆ ಒತ್ತಿ ಹಿಡಿದಾಗ. ಏಕೆಂದರೆ ಅದೇ ಕ್ಷಣಕ್ಕೆ ಗೊಂಬೆಯ ಗಟ್ಟಿ ದನಿ ಅದರ ಮೇಲೆ ಬೀಳುತ್ತದೆ: “ಭಾಳ ಛಲೋರಿ. ಚೀಟಿ ತಗೋರಿ, ಕುಂದರ್ರಿ.” ಮಾವ ಬಾಯಿ ಮುಚ್ಚುತ್ತಾರೆ. ಎದುರಿನವರು ಮಾತಾಡುವಾಗ ನಡುವೆ ಮಾತಾಡುವ ಮನುಷ್ಯ ಅಲ್ಲ ಅವರು. ಹೊಟ್ಟೆಯಿಂದ ಚೀಟಿ ಬರುತ್ತದೆ. ಹಸಿರು ಗೆರೆ. ಅಲ್ಲಿಗೆ ನಾನು ನಗುತ್ತ ಫೋನು ಇಳಿಸಿದ್ದೇನೆ.

ಭಾಳ ಛಲೋರಿ ಎಂಬುದೂ ನಾನು ಬರೆದದ್ದೇ.

ಬೆಂಚಿನ ಮೇಲೆ ಅವರನ್ನು ಕೂರಿಸಿ ವಿಡಿಯೊವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮಾವ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನೀರು ಕೊಟ್ಟೆ, ಬೇಡ ಎಂದರು. ಹೊಟ್ಟೆ ಕಿವುಚಿದ ಹಾಗೆ ಆಗ್ತದೆ ಎಂದು ಅತ್ತೆಗೆ ಹೇಳಿದರು. ಪಾಳಿ ಬರಲಿ ತಡೀರಿ ಎಂದರು ಅತ್ತೆ. ನಮ್ಮ ಮುಂದೆ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಮುಕ್ಕಾಲು ತಾಸು ಕೂತೆವು. ಗೊಂಬೆ ಬಂದ ಬಂದವರನ್ನೆಲ್ಲ ಆರಾಮ ಅದೀರಿ ಎಂದು ಕೇಳುತ್ತಿತ್ತು, ಅವರೆಲ್ಲ ಆರಾಮ ಎನ್ನುತ್ತಿದ್ದರು. ನನಗೆ ಅದು ಚೆಂದ ಕೇಳಿಸುತ್ತಿತ್ತು. ಗ್ರೂಪಿನಲ್ಲಿ ಬರುತ್ತಿದ್ದ ನಗುವಿನ ಗುರುತುಗಳಿಗೆ ಉತ್ತರ ಕೊಡುತ್ತ ಕೂತಿದ್ದೆ.

ಕಾಕಾ ಮೇಲಿನ ಮಹಡಿಯಿಂದ ಇಳಿದು ನಮ್ಮ ಬೆಂಚಿನ ಮುಂದೆ ಹಾದುಹೋದರು. ನಾಲ್ಕು ಹೆಜ್ಜೆ ಮುಂದೆ ಹೋದವರು ನಿಂತರು. ಹಿಂದೆ ಬಂದು ಮಾವನ ಅಂಗಿಯ ಹತ್ತಿರ ಮೂಗು ತಂದರು. ಹೆಬ್ಬೆರಳಿನಿಂದ ಅವರ ಕಣ್ಣಿನ ರೆಪ್ಪೆ ಎತ್ತಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿತ್ತು.

“ಎಣ್ಣಿ ಹೊಡದೀರೇನು ಇವತ್ತು?”

ಮಾವ ಹೂಂಗುಟ್ಟಿದರು. ಮಾತು ತೊದಲಿತು. ಹೊಡೆಯುವಾಗ ಗಾಳಿ ಎದುರಾಗಿತ್ತು ಎಂಬಂತೆ ಏನೋ ಹೇಳಿದರು.

“ಎಷ್ಟೊತ್ತಾತವಾ ಬಂದು?” ಕಾಕಾ ನನ್ನನ್ನು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ಮಾವನ ಕಂಕುಳಿಗೆ ಕೈಹಾಕಿ ಎಬ್ಬಿಸಿದರು. ಮಾವನ ಕಾಲು ನೆಲಕ್ಕೆ ಊರಲಿಲ್ಲ. ಗೊಂಬೆಯ ಪಕ್ಕದಲ್ಲಿ ಅವರನ್ನು ಎತ್ತಿಕೊಂಡು ಹೋಗುವಾಗ ಅದು ನಮ್ಮ ಕಡೆ ಕತ್ತು ತಿರುಗಿಸಿತು. ನಮಸ್ಕಾರ ಹೇಳಿತು. ಆರಾಮ ಅದೀರಿ ಎಂದು ಕೇಳಿತು.

ಒಳಗೆ ಅಂಗಿ ಧೋತರ ಕತ್ತರಿಸಿ ತೆಗೆದು ಮೈಗೆ ಸಾಬೂನು ಹಾಕಿ ತೊಳೆದರು, ಸೂಜಿಯ ಮೇಲೆ ಸೂಜಿ ಕೊಟ್ಟರು. ಡಾಕ್ಟರು ನಮ್ಮನ್ನು ಬಯ್ಯಲಿಲ್ಲ. ಇಷ್ಟೊತ್ತು ಹೊರಗೆ ಯಾಕೆ ಕೂತಿದ್ರಿ ಎಂದಷ್ಟೇ ಕೇಳಿದರು. ನನ್ನ ಕೈಯಲ್ಲಿ ಹಸಿರು ಗೆರೆಯ ಚೀಟಿ ಇತ್ತು, ಅದನ್ನು ತೋರಿಸಲು ಕೈ ಮುಂದೆ ಮಾಡಿ, ಹಿಂದೆ ತೆಗೆದುಕೊಂಡೆ. ಎರಡನೆಯ ದಿನ ಮಾವನ ಉಸಿರು ಸೋತು ಗಂಟಲಿಗೆ ನಳಿಕೆ ಹಾಕಿದರು. ಆರು ದಿನ ಗಾಜಿನ ಬಾಗಿಲ ಆಚೆ ಅವರ ಎದೆ ಯಂತ್ರದ ಲೆಕ್ಕದಲ್ಲಿ ಏರುತ್ತಿತ್ತು, ಇಳಿಯುತ್ತಿತ್ತು. ಸಾಯುತ್ತಾರೋ ಬದುಕುತ್ತಾರೋ ಯಾರೂ ಹೇಳುತ್ತಿರಲಿಲ್ಲ. ಸುದ್ದಿ ತಿಳಿಯದ ದೂರದ ನೆಂಟರು ಗ್ರೂಪಿನಲ್ಲಿ ಆಗಲೂ ಆ ವಿಡಿಯೊಗೆ ಮಾವ ಸೂಪರ್ ಎಂದು ಬರೆಯುತ್ತಿದ್ದರು.

ಆ ಬಾಗಿಲ ಮುಂದೆ ಕೂತು ಅತ್ತೆ ಒಂದು ಮಾತು ಹೇಳಿದರು. “ಅದು ಕಣ್ಣು ಬಿಟ್ಕೊಂಡು ಅವರನ್ನ ನೋಡ್ತಲ್ಲವಾ. ನೋಡಿದ ಮ್ಯಾಲೂ ಕೆಂಪು ಕೊಡ್ಲಿಲ್ಲಂದ್ರ ಏನೂ ಆಗಿಲ್ಲ ಅಂದ್ಕೊಂಡೆ. ಅದಕ್ಕ ಸುಮ್ನ ಕುಂತೆ.”

ಅತ್ತೆ ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆ ಓದಿದವರು. ಕಣ್ಣು ಇದ್ದದ್ದು ನೋಡುತ್ತದೆ, ತಲೆಯಾಡಿಸಿದ್ದು ಅರ್ಥಮಾಡಿಕೊಂಡಿದೆ ಎಂದು ಅವರು ನಂಬಿದ್ದರಲ್ಲಿ ಏನು ತಪ್ಪು? ಆ ಕಣ್ಣು ಹಾಕಿದ್ದೇ ಜನ ನಂಬಲಿ ಎಂದು. ಆ ಕತ್ತು ತಿರುಗುವುದು, ರೆಪ್ಪೆ ಬಡಿಯುವುದು, ಹೂಂಗುಟ್ಟುವ ಹಾಗೆ ತಲೆ ಬಾಗಿಸುವುದು, ಎಲ್ಲ ಅದಕ್ಕೇ. ಯಾರಾದರೂ ಹತ್ತಿರ ಬಂದ ಕಡೆಗೆ, ದನಿ ಬಂದ ಕಡೆಗೆ ಮುಖ ತಿರುಗಿಸುವುದಷ್ಟೇ ಅದಕ್ಕೆ ಗೊತ್ತು. ಬೆವರು ಅದಕ್ಕೆ ಕಾಣುವುದಿಲ್ಲ, ವಾಸನೆ ಗೊತ್ತಾಗುವುದಿಲ್ಲ. ಎದೆನೋವು, ಉಸಿರು, ರಕ್ತ, ಹಾವು, ಎಣ್ಣೆ ಎಂಬಂಥ ಕೆಲವು ಮಾತು ಕಿವಿಗೆ ಬಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಇಷ್ಟು ಕುರುಡಾದ ಒಂದಕ್ಕೆ ಅಷ್ಟು ಚೆಂದದ ಕಣ್ಣು ಮಾಡಿ ಬಾಗಿಲಲ್ಲಿ ನಿಲ್ಲಿಸಿದವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮಾವನ ಗಂಟಲಿನ ನಳಿಕೆ ತೆಗೆದ ದಿನ ಮ್ಯಾನೇಜರ ಕೋಣೆಗೆ ಹೋದೆ. ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮಾವನ ಹೆಸರಿನ ಎದುರು ಹೇಗಿದ್ದೀರಿ ಎಂಬುದಕ್ಕೆ ಆರಾಮ, ತೊಂದರೆ ಏನು ಎಂಬುದಕ್ಕೆ ಏನಿಲ್ಲ ಎಂದಿತ್ತು. ಪೇಷಂಟ್ ಹೇಳಿದ್ದನ್ನೇ ಅದು ಬರ್ಕೊಂಡಿದೆ ಮೇಡಂ ಎಂದರು, ಸಮಾಧಾನದ ದನಿಯಲ್ಲಿ. ನಮ್ಮಲ್ಲಿ ಮೊದಲ ಉತ್ತರ ಉತ್ತರವೇ ಅಲ್ಲ, ಅದು ಬರೀ ನಮಸ್ಕಾರ ಎಂದೆ. ಆ ಕುಶಲ ಕೇಳುವ ಸಾಲು ತೆಗೆದುಹಾಕಿ, ಎಣ್ಣೆ ಹೊಡೆದಿದ್ದೀರಾ ಎಂದು ನೇರ ಕೇಳಲಿ, ಕಾಕಾನ ಕುರ್ಚಿ ಮತ್ತೆ ಹಾಕಿಸಿ ಎಂದೆ. ಅವರು ನಕ್ಕರು.

“ಆ ಸಾಲು ಬರೆದುಕೊಟ್ಟದ್ದು ನೀವೇ ಅಲ್ವಾ? ಜನಕ್ಕೆ ಅದೇ ಇಷ್ಟ ಆಗಿರೋದು. ಕುಷ್ಟಗಿ ಬ್ರಾಂಚಿಗೂ ಅದನ್ನೇ ಹಾಕ್ತಿದ್ದೀವಿ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ನಕ್ಕು ಬದಿಗಿಟ್ಟ ಆ ಒಣ ಹಾಳೆ ಇದ್ದಿದ್ದರೆ ಏನಾಗುತ್ತಿತ್ತು? ‘ಲಕ್ಷಣಗಳನ್ನು ತಿಳಿಸಿ’ ಎಂದು ಅದು ಗದರಿದ್ದರೆ ಮಾವ ತಹಸೀಲ್ದಾರ್ ಕಚೇರಿಯ ಗುಮಾಸ್ತನ ಮುಂದೆ ನಿಂತವರ ಹಾಗೆ ನಿಂತು, ತಲೆ ಸುತ್ತುತ್ತದೆ, ಎಣ್ಣೆ ಹೊಡೆದಿದ್ದೆ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು. ಕಚೇರಿಯವರಿಗೆ ಯಾರೂ ಆರಾಮ ಎನ್ನುವುದಿಲ್ಲ. ನಾನು ಗೊಂಬೆಗೆ ಮನೆಯವರ ನಾಲಿಗೆ ಕೊಟ್ಟೆ. ಮಾವ ಮನೆಯವರಿಗೆ ಹೇಳುವ ಹಾಗೆ ಹೇಳಿದರು. ಮನೆಯವರಿಗೆ ಇರುವ ತಾಳ್ಮೆ ಅದಕ್ಕೆ ಇದೆಯೇ ಎಂದು ನಾನು ಕೇಳಲಿಲ್ಲ, ಮ್ಯಾನೇಜರು ಕೇಳಲಿಲ್ಲ, ಹೂಗುಚ್ಛ ಕೊಟ್ಟವರು ಕೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಮ್ಯಾನೇಜರಿಗೆ ವಿಡಿಯೊ ಕಳಿಸಿದೆ, ನಲವತ್ತನಾಲ್ಕನೆಯ ಸೆಕೆಂಡು ಕೇಳಿ ಎಂದು ಬರೆದು. ನೋಡಿದ್ದಾರೆ ಎಂಬ ಎರಡು ನೀಲಿ ಗುರುತು ಬಂದವು. ಉತ್ತರ ಬರಲಿಲ್ಲ. ವಿಡಿಯೊ ಅಳಿಸದೆ ಇಟ್ಟುಕೊಂಡಿರುವುದು ಆ ಒಂದು ಸೆಕೆಂಡಿಗಾಗಿ. ಮಾವ ಹೇಳಲಿಲ್ಲ ಎನ್ನುವವರಿಗೆ, ಹೇಳಲು ಬಾಯಿ ತೆರೆದಿದ್ದರು ಎಂದು ತೋರಿಸಲು.

ಮನೆಗೆ ಹೋದ ಹತ್ತು ದಿನಕ್ಕೆ ಮಾವ ಮತ್ತೆ ತೋರಿಸಲು ಬಂದರು. ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ್ದರು. ಗೊಂಬೆ ಅಲ್ಲೇ ಇತ್ತು. ಒಂದಕ್ಷರ ಬದಲಾಗಿರಲಿಲ್ಲ. ಅದರ ಹತ್ತಿರ ಹೋಗಬೇಡಿ ಎಂದು ನಾನು ಹೇಳುತ್ತಿರುವಾಗಲೇ ಅದು ಆರಾಮ ಅದೀರಿ ಎಂದಿತು, ಮಾವ ನಿಂತರು, ಟವೆಲ್ಲು ಕೈಗೆ ಬಂತು.

“ಆರಾಮ ಅದೀನಿ ಯವ್ವಾ” ಎಂದರು.

ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು: “ಕೇಳಿದ ಮ್ಯಾಲ ಸುಮ್ನ ಹೋಗಾಕ ಬರ್ತದೇನವಾ? ಅದರ ತಪ್ಪೇನೈತಿ, ಪಾಪ. ನೀ ಕಲಿಸಿದ್ದು ಅದು ಹೇಳ್ತೈತಿ.”

ಅವರು ನನ್ನನ್ನು ಚುಚ್ಚಲು ಹೇಳಲಿಲ್ಲ. ಚುಚ್ಚಿದ್ದರೆ ಚೆನ್ನಾಗಿರುತ್ತಿತ್ತು. ಅವರ ಕೈಯಿಂದ ಟವೆಲ್ಲು ಕಿತ್ತುಕೊಂಡು ಗೊಂಬೆಯ ತಲೆಯ ಮೇಲೆ ಹೊದಿಸಿದೆ. ನೀಲಿ ಕಣ್ಣುಗಳು ಮರೆಯಾದವು. ಸಾಲಿನಲ್ಲಿ ಹಿಂದೆ ಹಿಟ್ನಾಳದ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಟವೆಲ್ಲಿನ ಒಳಗಿನಿಂದ ಅದು ಅವಳಿಗೆ ಬರ್ರಿ ಬರ್ರಿ ಎನ್ನುತ್ತಿತ್ತು. ಏನಾಗೇತ್ರಿ ಅಕ್ಕಾ ಎಂದು ನಾನು ಕೇಳಿದೆ. ಏನಿಲ್ಲ ತಂಗಿ ಎಂದಳು. ನಾನು ಅವಳ ಕೈ ಹಿಡಿದುಕೊಂಡು ಸುಮ್ಮನೆ ನಿಂತೆ. ಮೂರು ಸೆಕೆಂಡು, ಐದು, ಹತ್ತು. ಹೇಳ್ರಿ ಎಂದೆ. ಮೊಣಕಾಲು ಎಂದಳು ಆಗ, ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಎಂಟು ದಿನವಾಯಿತು. ಅಷ್ಟೇ. ಅವಳ ಪ್ರಾಣಕ್ಕೇನೂ ಅಪಾಯವಿರಲಿಲ್ಲ. ಆದರೆ ಕೇಳಿದ ಮೇಲೆ ಗೊತ್ತಾಯಿತು.

ಕಾಕಾ ಎಲ್ಲಿಂದಲೋ ಬಂದರು. ಟವೆಲ್ಲು ನೋಡಿದರು. ಅದನ್ನು ತೆಗೆಯಲಿಲ್ಲ. ಗೋಡೆಯ ಬದಿಯ ಒಂದು ಕುರ್ಚಿಯನ್ನು ಎಳೆದು ತಂದು, ಗೊಂಬೆಯ ಮುಂದೆ ಹಾಕಿ ಆ ಹೆಣ್ಣುಮಗಳನ್ನು ಕೂರಿಸಿದರು.

ಮ್ಯಾನೇಜರು ಕೋಣೆಯಿಂದ ಹೊರಗೆ ಬಂದು, ಮೇಡಂ, ಏನಿದು ಎಂದು ಕೂಗುವುದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಅವಳ ಹಿಂದೆ ಕೋಲು ಹಿಡಿದು ನಿಂತಿದ್ದ ಮುದುಕರು ನನಗೆ ಆಗಲೇ ಆರಾಮ ಎಂದು ಹೇಳಿ ಆಗಿತ್ತು. ಅವರನ್ನು ಎರಡನೆಯ ಸಲ ಕೇಳುತ್ತಿದ್ದೆ.